ಅಪ್‌ಡೇಟ್: ಆ ಹರ್ನಿಯಾ ಚಾರ್ಟ್‌ಗೆ ಕೊನೆಗೂ ಸರಿಯಾದ ಕೋಡ್ ಸಿಕ್ಕಿತು

ಹೋದ ವಾರ ಕೇಳಿದ್ದೆನಲ್ಲ, ಅಮೆರಿಕದ ರೋಗಿಯ ಚಾರ್ಟ್‌ನಲ್ಲಿ (ಚಿಕಿತ್ಸೆಯ ದಾಖಲೆಯಲ್ಲಿ) ‘ಇನ್‌ಕಾರ್ಸರೇಟೆಡ್’ (ಸಿಕ್ಕಿಹಾಕಿಕೊಂಡಿದೆ) ಅಂತ ಇದೆ, ‘ಅಬ್‌ಸ್ಟ್ರಕ್ಷನ್’ (ಅಡಚಣೆ) ಎನ್ನುವ ಪದ ಎಲ್ಲೂ ಇಲ್ಲ, ಬಲಗಡೆಯ ಇಂಗ್ವೈನಲ್ (ತೊಡೆಸಂದಿನ) ಹರ್ನಿಯಾಗೆ ಅಡಚಣೆ ಇಲ್ಲದ್ದರ ಕೋಡ್ ಕೆ40.90 ಹಾಕಲಾ ಅಂತ. ಬೇಡ ಅಂದವರೇ ಸರಿ. ಐಸಿಡಿ-10-ಸಿಎಂನಲ್ಲಿ (ಅಮೆರಿಕದಲ್ಲಿ ಬಳಸುವ ರೋಗಗಳ ಕೋಡ್ ಪಟ್ಟಿ) ಅಡಚಣೆ ಇರುವ ಒಂದು ಕಡೆಯ ಹರ್ನಿಯಾದ ಕೋಡ್ ಕೆ40.3ರ ಕೆಳಗೇ ಇನ್‌ಕಾರ್ಸರೇಟೆಡ್, ಇರ್‌ರೆಡ್ಯೂಸಿಬಲ್ (ಒಳಗೆ ತಳ್ಳಲಾಗದ್ದು), ಸ್ಟ್ರಾಂಗ್ಯುಲೇಟೆಡ್ (ರಕ್ತ ಸಂಚಾರ ಕಡಿದದ್ದು) ಮೂರೂ ಇವೆ, ಗ್ಯಾಂಗ್ರೀನ್ (ಅಂಗಾಂಶ ಸತ್ತು ಕೊಳೆಯುವುದು) ಇರಬಾರದು ಅಷ್ಟೇ.

ಆಮೇಲೆ ಆಪರೇಷನ್ ನೋಟ್ ಪೂರ್ತಿ ಓದಿದೆ. ಎರಡನೇ ಪುಟದಲ್ಲಿ ಒಂದೇ ಸಾಲು: ಅದೇ ಜಾಗದಲ್ಲಿ ಹಳೇ ಮೆಶ್ (ಹರ್ನಿಯಾ ಆಪರೇಷನ್‌ನಲ್ಲಿ ಹಾಕುವ ಬಲೆ) ಸಿಕ್ಕಿತು. ಹಾಗಾದರೆ ಮರುಕಳಿಸಿದ್ದು ಅಲ್ವಾ? ಆದರೆ ಡಾಕ್ಟರ್ ಬರೆಯದೆ ನಾವೇ ಊಹಿಸುವ ಹಾಗಿಲ್ಲ. ಅವರಿಗೇ ಕ್ವೆರಿ (ಸ್ಪಷ್ಟನೆ ಕೇಳುವ ಪ್ರಶ್ನೆ) ಕಳಿಸಿದೆ. ನಿನ್ನೆ ‘ರಿಕರೆಂಟ್’ (ಮರುಕಳಿಸಿದ್ದು) ಅಂತ ಸೇರಿಸಿದರು, ಕೆ40.31 ಆಯ್ತು.

ಪ್ರೊಲ್ಯಾಪ್ಸ್ ಬಗ್ಗೆ ಕೇಳಿದವರಿಗೆ: ಗರ್ಭಕೋಶ ಪೂರ್ತಿ ಜಾರಿದ್ದರೆ ಎನ್81.3, ಅರ್ಧ ಜಾರಿದ್ದರೆ ಎನ್81.2. ನೋಟ್ ಹುಡುಕದೆ ಸುಮ್ನೆ ಎನ್81.4 (ಎಷ್ಟು ಜಾರಿದೆ ಅಂತ ಹೇಳದ ಕೋಡ್) ಹಾಕಬೇಡಿ.