ಡೇರೆ ಹೂವು ಮುಗಿಯಿತು, ಗೆಡ್ಡೆ ಈಗಲೇ ಕೀಳಬೇಕೇ?

ಪ್ರಶ್ನೆ (ಬೆಂಗಳೂರಿನಿಂದ)

ಸಾಗರದ ತವರು ಮನೆಯಿಂದ ತಂದ ಡೇರೆ (ಡೇಲಿಯಾ) ಗೆಡ್ಡೆಗಳನ್ನು ಮೇ ತಿಂಗಳಲ್ಲಿ ತಾರಸಿಯ ಕುಂಡಗಳಿಗೆ ಹಾಕಿದ್ದೆ. ಚೌತಿಯ ಹೊತ್ತಿಗೆ ಕಡುಗೆಂಪು, ಹಳದಿ, ಬಿಳಿ ತುದಿಯ ನೇರಳೆ, ಎಲ್ಲವೂ ಚೆನ್ನಾಗಿ ಅರಳಿದವು. ನವರಾತ್ರಿ ಕಳೆದ ಮೇಲೆ ಹೂವು ಸಣ್ಣದಾಗುತ್ತಾ ಬಂದು ಈಗ ಮೊಗ್ಗೇ ಇಲ್ಲ. ಬುಡದ ಎಲೆಗಳು ಒಣಗಿವೆ, ಮೇಲಿನವು ಇನ್ನೂ ಹಸಿರಾಗಿವೆ. ಗಿಡ ಕಿತ್ತು ಗೆಡ್ಡೆ ತೆಗೆದಿಡಿ ಎಂದು ಪಕ್ಕದ ಮನೆಯವರು ಹೇಳುತ್ತಾರೆ. ಇಲ್ಲಿ ಸಂಜೆಯಾದರೆ ಮಳೆ. ಈಗಲೇ ಕೀಳಬೇಕೇ? ಕಿತ್ತರೆ ಮುಂದಿನ ಮೇ ತಿಂಗಳವರೆಗೆ ಹೇಗೆ ಕಾಪಾಡುವುದು?

ಉತ್ತರ (ಸಿದ್ದಾಪುರ, ಉತ್ತರ ಕನ್ನಡ)

ದಯವಿಟ್ಟು ಈಗ ಕೀಳಬೇಡಿ. ಹೂವು ನಿಂತಿತೆಂದು ಹಸಿರು ಗಿಡವನ್ನೇ ಕಿತ್ತುಹಾಕುವುದನ್ನು ಕಂಡರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಡೇರೆಯ ಗೆಡ್ಡೆ ತುಂಬಿಕೊಳ್ಳುವ ಕಾಲವೇ ಇದು. ಹಗಲು 12 ಗಂಟೆಗಿಂತ ಕಿರಿದಾಗುತ್ತಾ ಬಂದಂತೆ ಗಿಡವು ಎಲೆಯಲ್ಲಿ ತಯಾರಾದ ಆಹಾರವನ್ನು ಬೇರಿಗೆ ಇಳಿಸಲು ತೊಡಗುತ್ತದೆ. ಆಶ್ವಯುಜ, ಕಾರ್ತಿಕ ಮಾಸಗಳಲ್ಲಿ ಮಣ್ಣಿನೊಳಗೆ ನಡೆಯುವ ಈ ಕೆಲಸದ ಮೇಲೆಯೇ ಬರುವ ವರ್ಷದ ಹೂವು ನಿಂತಿದೆ. ಹಸಿರೆಲೆ ಇರುವಷ್ಟು ದಿನ ಗಿಡವನ್ನು ಅದರ ಪಾಡಿಗೆ ಬಿಡಿ. ಗೊಬ್ಬರ ನಿಲ್ಲಿಸಿ, ನೀರು ಕಡಿಮೆ ಮಾಡಿ, ಬಾಡಿದ ಹೂವನ್ನು ಮಾತ್ರ ಚಿವುಟಿ.

ನಮ್ಮ ಕಡೆ ಈ ಹೊತ್ತಿಗೆ ಮಳೆ ಹಿಂದೆ ಸರಿದು ಅಂಗಳ ಆರತೊಡಗುತ್ತದೆ. ನಿಮ್ಮಲ್ಲಿ ಅಕ್ಟೋಬರ್ ಎಂದರೆ ಇನ್ನೂ ಜೋರು ಮಳೆಯ ತಿಂಗಳು, ವ್ಯತ್ಯಾಸವಿರುವುದು ಅಲ್ಲಿಯೇ. ಕುಂಡಗಳನ್ನು ಮಳೆ ಬೀಳದ, ಆದರೆ ಬಿಸಿಲು ತಾಗುವ ಕಡೆಗೆ ಸರಿಸಿ. ಕಾಂಡವನ್ನು ಈಗಲೇ ಕತ್ತರಿಸಬೇಡಿ. ಡೇರೆಯ ಕಾಂಡ ಒಳಗೆ ಟೊಳ್ಳು. ಕತ್ತರಿಸಿದ ಬಾಯಿಯಿಂದ ಮಳೆನೀರು ಇಳಿದು ಬುಡದಲ್ಲಿ ನಿಂತರೆ ಕೊಳೆಯುವುದು ಅಲ್ಲಿಂದಲೇ ಶುರು.

ಗಿಡ ಪೂರ್ತಿ ಕಂದು ಬಣ್ಣಕ್ಕೆ ತಿರುಗಿದ ಮೇಲೆ (ನಿಮ್ಮಲ್ಲಿ ನವೆಂಬರ್ ಕೊನೆಯಾದರೂ ಆಗಬಹುದು) ಒಣ ಹವೆಯ ದಿನ ನೋಡಿ, ನಾಲ್ಕು ಬೆರಳು ಕಾಂಡ ಉಳಿಸಿ ಕತ್ತರಿಸಿ. ಕುಂಡವನ್ನು ಮಗುಚಿ, ತಟ್ಟಿ, ಮಣ್ಣಿನ ಮುದ್ದೆಯನ್ನೇ ಹೊರತೆಗೆಯಿರಿ. ಕಾಂಡ ಹಿಡಿದು ಎಳೆಯಲೇಬಾರದು. ಏಕೆಂದು ಗೊಂಚಲನ್ನು ಕೈಯಲ್ಲಿ ಹಿಡಿದು ನೋಡಿದರೆ ನಿಮಗೇ ತಿಳಿಯುತ್ತದೆ. ನೋಟಕ್ಕೆ ಗೆಣಸಿನಂತಿದ್ದರೂ ಡೇರೆ ಗೆಡ್ಡೆಯ ಮೈಮೇಲೆ ಎಲ್ಲೂ ಚಿಗುರು ಬರುವುದಿಲ್ಲ. ಗೆಡ್ಡೆ ಸಣ್ಣಗಾಗಿ ಕಾಂಡವನ್ನು ಸೇರುವ ಕಡೆ ಒಂದು ಕೊರಳಿದೆ. ಕೊರಳಿನ ಮೇಲೆ, ಹಳೆಯ ಕಾಂಡದ ಬುಡಕ್ಕೆ ಅಂಟಿಕೊಂಡಂತೆ, ರಾಗಿ ಕಾಳಿನಷ್ಟು ಉಬ್ಬು ಕಾಣುತ್ತದೆ. ಕಣ್ಣು ಇರುವುದು ಅಲ್ಲಿ ಮಾತ್ರ. ಕೊರಳು ಮುರಿದು ಬೇರೆಯಾದ ಗೆಡ್ಡೆ ಎಷ್ಟೇ ದಪ್ಪಗಿರಲಿ, ಚಿಗುರುವುದಿಲ್ಲ. ಈಗ ಕಣ್ಣು ಸ್ಪಷ್ಟವಾಗಿರುವುದಿಲ್ಲವಾದ್ದರಿಂದ ಗೊಂಚಲನ್ನು ಬಿಡಿಸಲು ಹೋಗಬೇಡಿ. ಏಪ್ರಿಲ್‌ನಲ್ಲಿ ಕಣ್ಣು ಉಬ್ಬಿದಾಗ ಒಂದೊಂದು ಗೆಡ್ಡೆಗೂ ಒಂದೊಂದು ಕಣ್ಣು ಬರುವಂತೆ ಕುಯ್ಯಿರಿ.

ತೆಗೆದ ಗೊಂಚಲನ್ನು ಕಾಂಡ ಕೆಳಗಾಗಿ ನೆರಳಿನಲ್ಲಿ ಎರಡು ದಿನ ಇಟ್ಟರೆ ಟೊಳ್ಳಿನ ನೀರು ಬಸಿಯುತ್ತದೆ. ಗಾಯವಾದ ಕಡೆ ಒಲೆಯ ಬೂದಿ ಸವರಿ. ಮಣ್ಣಿನ ಮಡಕೆಯಲ್ಲೋ ಮರದ ಪೆಟ್ಟಿಗೆಯಲ್ಲೋ ಒಣ ಮರಳು, ಇಲ್ಲವೇ ತೆಂಗಿನ ನಾರಿನ ಪುಡಿ ಹರಡಿ ಹೂತಿಡಿ. ಪ್ಲಾಸ್ಟಿಕ್ ಚೀಲ ಬೇಡ, ಒಳಗೆ ಬೆವರಿ ಬೂಸ್ಟು ಹಿಡಿಯುತ್ತದೆ. ತಿಂಗಳಿಗೊಮ್ಮೆ ಮುಟ್ಟಿ ನೋಡಿ. ಮೆತ್ತಗಾದುದನ್ನು ತೆಗೆದುಹಾಕಿ, ಸುಕ್ಕಾಗುತ್ತಿದ್ದರೆ ಸ್ವಲ್ಪ ನೀರು ಚಿಮುಕಿಸಿ. ಮಾರ್ಚ್‌ ಬಿಸಿಲಿಗೆ ಸುಕ್ಕಾಗುವ ಅಪಾಯವೇ ಹೆಚ್ಚು.

ಇನ್ನೊಂದು ಮಾತು. ಹಳದಿಯ ಗೆಡ್ಡೆಗೂ ಕೆಂಪಿನ ಗೆಡ್ಡೆಗೂ ನೋಟದಲ್ಲಿ ಭೇದವಿಲ್ಲ. ಹೂವು ಇರುವಾಗಲೇ ಕಾಂಡದ ಬುಡಕ್ಕೆ ಅದೇ ಬಣ್ಣದ ಬಟ್ಟೆಯ ಚೂರು ಕಟ್ಟುವುದು ನನ್ನ ಕ್ರಮ. ನೀವು ಫೋಟೋ ತೆಗೆದಿದ್ದರೆ ಅದನ್ನು ನೋಡಿ ಈಗಲೇ ಕಟ್ಟಿಬಿಡಿ.

ಉತ್ತರ (ಶಿವಮೊಗ್ಗ)

ಕುಂಡವಾದರೆ ಕೀಳುವ ಕೆಲಸವೇ ಬೇಡ. ಗಿಡ ಒಣಗಿದ ಮೇಲೆ ಕತ್ತರಿಸಿ, ಕುಂಡವನ್ನು ಮೆಟ್ಟಿಲ ಕೆಳಗೆ ಅಡ್ಡ ಮಲಗಿಸಿಬಿಡುತ್ತೇನೆ. ಏಪ್ರಿಲ್‌ನಲ್ಲಿ ಹೊಸ ಮಣ್ಣು ಗೊಬ್ಬರ ಹಾಕಿ ಮರುನಾಟಿ.

ಉತ್ತರ (ಸಿದ್ದಾಪುರ)

ಅದೂ ಒಳ್ಳೆಯ ಉಪಾಯ, ನೀರು ತಾಗದಿದ್ದರೆ ಸಾಕು. ನೆಲದಲ್ಲಿ ಬೆಳೆದವರು ಮಾತ್ರ ಬಿಟ್ಟುಬಿಡಬೇಡಿ. ನಮ್ಮಲ್ಲಿ ಹೆಗ್ಗಣವೂ ಮುಳ್ಳುಹಂದಿಯೂ ಗೆಡ್ಡೆಯನ್ನು ಹುಡುಕಿಕೊಂಡು ಬರುತ್ತವೆ.

ಉತ್ತರ (ಷಿಕಾಗೊ)

ಇಲ್ಲಿ ಬೇರೆಯದೇ ಲೆಕ್ಕ. ಡೇರೆ ಮೂಲತಃ ಮೆಕ್ಸಿಕೋದ ಎತ್ತರದ ನಾಡಿನದು, ನೆಲ ಹೆಪ್ಪುಗಟ್ಟಿದರೆ ಗೆಡ್ಡೆ ಉಳಿಯುವುದಿಲ್ಲ. ಮೊದಲ ಹಿಮಕ್ಕೆ ಒಂದೇ ರಾತ್ರಿಯಲ್ಲಿ ಎಲೆಗಳು ಕಪ್ಪಾಗುತ್ತವೆ. ಆಮೇಲೆ ಒಂದು ವಾರದೊಳಗೆ ಅಗೆದು, 4ರಿಂದ 10 ಡಿಗ್ರಿ ಸೆಲ್ಸಿಯಸ್ ಇರುವ ನೆಲಮಾಳಿಗೆಯಲ್ಲಿ ಮರದ ಹೊಟ್ಟಿನೊಳಗೆ ಇಡುತ್ತೇವೆ. ಅದೇ ಅಂಗಳದ ಹೋಸ್ಟಾ, ಪಿಯೋನಿಗಳಿಗೆ ಈ ಆರೈಕೆ ಬೇಕಿಲ್ಲ, ಅವು ಮಂಜಿನಡಿಯಲ್ಲೇ ಚಳಿಗಾಲ ಕಳೆಯುತ್ತವೆ. ಇಷ್ಟು ಉಪಚಾರ ಕೇಳುವುದು ಡೇರೆ ಮಾತ್ರ, ಆದರೂ ಬಿಡಲು ಮನಸ್ಸಿಲ್ಲ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದ. ಕುಂಡಗಳನ್ನು ಸಜ್ಜದ ಕೆಳಗೆ ಸರಿಸಿದೆ. ನೇರಳೆಯ ಒಂದು ಗಿಡ ಮೊದಲಿನಿಂದಲೂ ಗಿಡ್ಡ. ಎಲೆಯ ನರಗಳ ಉದ್ದಕ್ಕೂ ತಿಳಿಹಳದಿ ಪಟ್ಟೆ, ಅಂಚು ಮುದುಡಿದೆ. ಅದರ ಗೆಡ್ಡೆಯನ್ನೂ ಇಡಬಹುದೇ?

ಉತ್ತರ (ಸಿದ್ದಾಪುರ)

ಬೇಡ. ನೀವು ಹೇಳುವ ಲಕ್ಷಣ ಮೊಸಾಯಿಕ್ ನಂಜುರೋಗದ್ದು. ಇದು ಗೆಡ್ಡೆಯಲ್ಲೇ ಉಳಿದು ಮುಂದಿನ ವರ್ಷ ಮತ್ತೆ ಬರುತ್ತದೆ. ಗಿಡಹೇನುಗಳು ಇದನ್ನು ಪಕ್ಕದ ಗಿಡಕ್ಕೂ ಒಯ್ಯುತ್ತವೆ. ಔಷಧಿಯಿಂದ ವಾಸಿಯಾಗುವಂಥದ್ದಲ್ಲ. ಈ ಒಂದು ಗಿಡಕ್ಕೆ ಮಾತ್ರ ನನ್ನ ಮೇಲಿನ ಮಾತು ಅನ್ವಯಿಸದು, ಒಣಗುವವರೆಗೆ ಕಾಯದೆ ಇಂದೇ ಗೆಡ್ಡೆ ಸಮೇತ ಕಿತ್ತು ಸುಟ್ಟುಬಿಡಿ. ಅದಕ್ಕೆ ಬಳಸಿದ ಕತ್ತರಿಯನ್ನು ತೊಳೆಯದೆ ಬೇರೆ ಗಿಡಕ್ಕೆ ತಾಗಿಸಬೇಡಿ.

ಆ ಬಣ್ಣ ಬೇಕೆಂದರೆ ಜೂನ್‌ನಲ್ಲಿ ತವರಿನಿಂದ ರೋಗವಿಲ್ಲದ ಗಿಡದ ಕುಡಿ ತರಿಸಿಕೊಳ್ಳಿ. ಎರಡು ಗೆಣ್ಣು ಇರುವ ಕುಡಿಯನ್ನು ಗೆಣ್ಣಿನ ಕೆಳಗೆ ಕತ್ತರಿಸಿ, ಕೆಳಗಿನ ಎಲೆ ತೆಗೆದು, ಮರಳು ಬೆರೆಸಿದ ಮಣ್ಣಿಗೆ ಊರಿದರೆ ಮಳೆಗಾಲದ ತಂಪಿಗೆ ಎರಡು ಮೂರು ವಾರದಲ್ಲಿ ಬೇರು ಬಿಡುತ್ತದೆ. ನವರಾತ್ರಿಗೆ ಹೂವೂ ಸಿಕ್ಕೀತು, ಕಾರ್ತಿಕಕ್ಕೆ ಅದರದೇ ಗೆಡ್ಡೆಯೂ ಆದೀತು.