ಸಹಾಯ ಬೇಕು: ಮಳೆಗಾಲದಲ್ಲಿ ಜೇನು ಪೆಟ್ಟಿಗೆ ಹಗುರಾಗಿದೆ

ಎಲ್ಲರಿಗೂ ನಮಸ್ಕಾರ. ಕಾರ್ಕಳದ ಹತ್ತಿರ ನಮ್ಮ ಅಡಿಕೆ ತೋಟದಲ್ಲಿ ನಾಲ್ಕು ತುಡುವೆ ಜೇನು ಪೆಟ್ಟಿಗೆ ಇವೆ. ಚಳಿ ದೇಶದವರಿಗೆ ಹಿಮ ಬೀಳುವಾಗ ಜೇನಿನ ಚಿಂತೆ. ನಮಗೆ ಆಟಿ ತಿಂಗಳ (ಜುಲೈ–ಆಗಸ್ಟ್) ಮಳೆಯೇ ಆ ಕಾಲ, ಅಲ್ವಾ? ಹೂವು ಕಡಿಮೆ, ಇದ್ದರೂ ನೊಣ ಹೊರಗೆ ಹೋಗುವ ಹಾಗಿಲ್ಲ.

ನಿನ್ನೆ ಮಧ್ಯಾಹ್ನ ಅರ್ಧ ಗಂಟೆ ಬಿಸಿಲು ಬಂತು. ಒಂದೊಂದೇ ಪೆಟ್ಟಿಗೆಯನ್ನು ಹಿಂದಿನಿಂದ ಸ್ವಲ್ಪ ಎತ್ತಿ ನೋಡಿದೆ. ಮೂರು ಭಾರ ಇವೆ, ಅವನ್ನು ತೆರೆಯಲಿಲ್ಲ. ನಾಲ್ಕನೆಯದು ಖಾಲಿ ಡಬ್ಬದ ಹಾಗೆ ಹಗುರ! ಮುಚ್ಚಳ ತೆಗೆದರೆ ಆರು ಎರಿಗಳಲ್ಲಿ (ನೊಣ ಕಟ್ಟುವ ಮೇಣದ ತಟ್ಟೆ) ಮೂರರಲ್ಲಿ ಮಾತ್ರ ನೊಣ. ಎರಿಯ ಮೇಲಿನ ಅಂಚಿನಲ್ಲಿ ತುಪ್ಪವೇ ಇಲ್ಲ. ಮೊಟ್ಟೆ ಕಂಡಿತು, ಹಾಗಾಗಿ ರಾಣಿ ಇರಬೇಕು. ಖಾಲಿ ಎರಿಯೊಂದರಲ್ಲಿ ಬಿಳಿ ಬಲೆ, ಎರಿ ತಿನ್ನುವ ಮೇಣದ ಹುಳುವಿನದ್ದೇ. ಏಪ್ರಿಲ್‌ನಲ್ಲಿ ಆಸೆಗೆ ಬಿದ್ದು ತುಪ್ಪ ಜಾಸ್ತಿ ತೆಗೆದಿದ್ದೆ. ತಪ್ಪು ನನ್ನದೇ, ಬೈಯಬಹುದು.

ಒಂದು ಲೋಟ ಸಕ್ಕರೆಗೆ ಒಂದು ಲೋಟ ನೀರು ಹಾಕಿ ಕಾಯಿಸಿ, ಆರಿಸಿ, ಸಂಜೆ ಗೆರಟೆಯಲ್ಲಿ ಒಳಗೆ ಇಟ್ಟೆ. ನೊಣ ಮುಳುಗದಂತೆ ನಾಲ್ಕು ಕಡ್ಡಿಯನ್ನೂ ಹಾಕಿದ್ದೆ. ಬೆಳಿಗ್ಗೆ ಗೆರಟೆ ಖಾಲಿ.

ಇದನ್ನು ಎಷ್ಟು ದಿನಕ್ಕೊಮ್ಮೆ ಕೊಡುತ್ತೀರಿ? ನೊಣ ಇಲ್ಲದ ಮೂರು ಎರಿಗಳನ್ನು ಈಗಲೇ ತೆಗೆದುಬಿಡಲೇ? ಮಳೆಯಲ್ಲಿ ಮತ್ತೆ ಮತ್ತೆ ತೆರೆದರೆ ಪೆಟ್ಟಿಗೆ ಬಿಟ್ಟು ಹೋಗುತ್ತವೆ ಎಂದು ಅಪ್ಪ ಹೆದರಿಸುತ್ತಿದ್ದಾರೆ. ಸುಮ್ನೆ ಪುಸ್ತಕದ ಮಾತು ಬೇಡ, ನಮ್ಮ ಕರಾವಳಿಯ ಮಳೆಯಲ್ಲಿ ಜೇನು ಉಳಿಸಿಕೊಂಡವರು ದಯವಿಟ್ಟು ಹೇಳಿ. ಇರುವೆ ಹತ್ತದಂತೆ ಪೆಟ್ಟಿಗೆ ಸ್ಟ್ಯಾಂಡಿನ ಕಾಲಿಗೆ ಇಟ್ಟ ಬಟ್ಟಲಿನ ನೀರಿಗೆ ಮಳೆಯೇ ಸಾಕು, ಇರುವೆ ಕಾಟ ಇಲ್ಲ.