ಮಕ್ಕಳ ದ್ವಿಭಾಷಾ ಚಿತ್ರಪುಸ್ತಕದಲ್ಲಿ ‘ಟ್ರೀಟ್’ಗೆ ಕನ್ನಡದ ಮಾತು ಯಾವುದು?

ಮಾನ್ಯರೇ,

ಬಾಲ್ಯದ ತಿನಿಸುಗಳನ್ನು ಕುರಿತ ಇಂಗ್ಲಿಷ್–ಕನ್ನಡ ಚಿತ್ರಪುಸ್ತಕಗಳನ್ನು ಪುಟ್ಟ ಮಕ್ಕಳಿಗೆ ಓದಿ ಹೇಳುವಾಗ, ಅಪರೂಪಕ್ಕೆ ಅಕ್ಕರೆಯಿಂದ ಸಿಕ್ಕ ತಿನಿಸಿಗೆ ಹೇಳುವ ‘ಟ್ರೀಟ್’ ಎಂಬ ಮಾತಿನ ಬಳಿ ನಿಲ್ಲಬೇಕಾಗುತ್ತದೆ. ಕನ್ನಡದ ಸಾಲಿಗೆ ಮೊದಲು ಹೊಳೆಯುವ ‘ತಿಂಡಿ’, ‘ಸಿಹಿ’ ಎಂಬ ಎರಡು ಮಾತುಗಳೂ ಅಲ್ಲಿ ಸಲ್ಲುವುದಿಲ್ಲವೆಂದು ನನ್ನ ಅನಿಸಿಕೆ.

‘ತಿನ್’ ಎಂಬ ಧಾತುವಿಗೆ ಸೇರಿದ ‘ತಿಂಡಿ’ಗೆ ವ್ಯಾಪಕ ಅರ್ಥವಿದ್ದರೂ ‘ತಿಂಡಿ ಆಯಿತೇ?’ ಎಂದು ಕೇಳಿದರೆ ಹಲವರಿಗೆ ನೆನಪಾಗುವುದು ಬೆಳಗಿನ ಉಪಾಹಾರ, ಎಂದರೆ ದಿನವೂ ತಪ್ಪದೆ ಸಿಗುವಂಥದ್ದು. ಉತ್ತರ ಕರ್ನಾಟಕದ ಆಡುಮಾತಿನಲ್ಲಿ ಅದಕ್ಕೆ ತುರಿಕೆ ಎಂಬ ಅರ್ಥವೂ ಇರುವುದರಿಂದ ಪುಸ್ತಕ ಓದುತ್ತಿರುವ ಅಜ್ಜಿ ನಡುವೆ ನಕ್ಕರೆ ತಪ್ಪೇನಿಲ್ಲ. ‘ಸಿಹಿ’ ಒಂದು ರುಚಿಯ ಹೆಸರು. ಹುಳಿ, ಖಾರಗಳನ್ನು ಚಪ್ಪರಿಸುವ ಮಗುವಿಗೆ ಅಲ್ಲಿ ಜಾಗವಿಲ್ಲ. ‘ಟ್ರೀಟ್’ ಎಂದೇ ಉಳಿಸೋಣವೆಂದರೆ, ಕೆಲಸ ಸಿಕ್ಕವರನ್ನು ಗೆಳೆಯರು ‘ಟ್ರೀಟ್ ಯಾವಾಗ?’ ಎಂದು ಪೀಡಿಸುವ ಅರ್ಥದಲ್ಲಿ ಅದು ಕನ್ನಡದಲ್ಲಿ ಆಗಲೇ ಬೇರೂರಿದೆ.

ತೊಡಕಿನ ಮೂಲ ಚಿತ್ರದಲ್ಲೇ ಇದೆ. 1658ರಲ್ಲಿ ನ್ಯೂರೆಂಬರ್ಗ್‌ನಲ್ಲಿ ಅಚ್ಚಾದ, ಶಿಕ್ಷಣತಜ್ಞ ಕೊಮೇನಿಯಸ್‌ನ ‘ಆರ್ಬಿಸ್ ಪಿಕ್ಟಸ್’ ಎಂಬ ಮಕ್ಕಳ ಚಿತ್ರಪುಸ್ತಕ ಲ್ಯಾಟಿನ್ ಮತ್ತು ಜರ್ಮನ್ ಪಠ್ಯಗಳನ್ನು ಜೊತೆಯಲ್ಲಿಟ್ಟು, ಚಿತ್ರದೊಳಗಿನ ವಸ್ತುಗಳಿಗೆ ಅಂಕಿ ಹಾಕಿ, ಎರಡೂ ಭಾಷೆಯ ಹೆಸರುಗಳನ್ನು ಅವಕ್ಕೆ ಹೊಂದಿಸಿತ್ತು. ಮರಕ್ಕೆ, ಹಕ್ಕಿಗೆ ಈ ಕ್ರಮ ಚೆನ್ನಾಗಿ ಒಪ್ಪುತ್ತದೆ. ಆದರೆ ‘ಟ್ರೀಟ್’ ಎಂಬುದು ವಸ್ತುವಲ್ಲ. ಅಪರೂಪಕ್ಕೆ, ಪ್ರೀತಿಯಿಂದ, ಇನ್ನೊಬ್ಬರ ಕೈಯಿಂದ ಸಿಕ್ಕಿತೆಂಬುದು ಅದರ ತಿರುಳು, ಮತ್ತು ಅದಕ್ಕೆ ಅಂಕಿ ಹಾಕಲು ಬರುವುದಿಲ್ಲ. ಹೊಸ ಮಾತು ಕೇಳಿದಾಗ ಅದನ್ನು ಕಣ್ಣೆದುರಿನ ಇಡೀ ವಸ್ತುವಿನ ಹೆಸರೆಂದು ಬಗೆಯುವುದು ಎಳೆಯ ಮಕ್ಕಳ ವಾಡಿಕೆಯಾದ್ದರಿಂದ, ಐಸ್‌ಕ್ರೀಮಿನ ಚಿತ್ರದ ಕೆಳಗೆ ಯಾವ ನಾಮಪದವಿಟ್ಟರೂ ಅದು ಐಸ್‌ಕ್ರೀಮಿನ ಮತ್ತೊಂದು ಹೆಸರಾಗಿಬಿಡುವ ಸಂಭವವೇ ಹೆಚ್ಚು.

ಹೀಗಾಗಿ ನಾಮಪದದ ಹುಡುಕಾಟವನ್ನು ಬಿಟ್ಟು ಕ್ರಿಯಾಪದವನ್ನು ನೆಚ್ಚುವುದು ಲೇಸೆಂದು ತೋರುತ್ತದೆ. ‘ಮಗು ಆಸೆಪಟ್ಟಿತು, ಕೊಡಿಸಿದೆ’ ಎಂದು ನಾವು ಸಹಜವಾಗಿ ಹೇಳುವ ಮಾತಿನಲ್ಲಿ ಮಗುವಿನ ಬಯಕೆಯೂ ಹಿರಿಯರ ಅಕ್ಕರೆಯೂ ಒಟ್ಟಿಗೆ ಬಂದುಬಿಡುತ್ತವೆ. ಇಂಗ್ಲಿಷಿನ ಸಾಲು ‘ಇದು ನನ್ನ ಟ್ರೀಟ್’ ಎನ್ನುವಲ್ಲಿ ಕನ್ನಡದ ಸಾಲು ‘ಇದನ್ನು ಅಜ್ಜ ನನಗೆ ಕೊಡಿಸಿದರು’ ಎಂದರೆ ಪದಕ್ಕೆ ಪದ ಕೂಡದಿದ್ದರೂ ನಷ್ಟವಿಲ್ಲ. ‘ನಿನಗೆ ಯಾರು ಏನು ಕೊಡಿಸಿದರು?’ ಎಂಬ ಪ್ರಶ್ನೆ ಅದರಿಂದ ತಾನಾಗಿ ಹುಟ್ಟಿ, ಕೇಳುತ್ತಿದ್ದ ಮಗು ಮಾತಾಡತೊಡಗುತ್ತದೆ. ‘ಬಹುಮಾನ’ವನ್ನಂತೂ ಬಳಸಬಾರದು; ತಿನಿಸನ್ನು ಗಳಿಸಬೇಕೆಂಬ ಪಾಠ ಅದರ ಬೆನ್ನಿಗೇ ಬರುತ್ತದೆ.

ಆದರೆ ‘ಕೊಡಿಸು’ ಎಂಬುದು ಕೊಂಡು ತಂದದ್ದಕ್ಕಷ್ಟೇ ಒಪ್ಪುತ್ತದೆ. ಮನೆಯಲ್ಲೇ ಮಾಡಿಕೊಟ್ಟದ್ದನ್ನೂ ಒಳಗೊಳ್ಳುವ ಕ್ರಿಯಾಪದವೊಂದು ತಮ್ಮ ಕಡೆಯ ಆಡುಮಾತಿನಲ್ಲಿದ್ದರೆ, ಬಳಕೆಯ ಒಂದೆರಡು ವಾಕ್ಯಗಳೊಡನೆ ದಯವಿಟ್ಟು ತಿಳಿಸಬೇಕಾಗಿ ಕೋರುತ್ತೇನೆ.